ಗಣಕ ಏಳಲೊಲ್ಲೆ ಎಂದಾಗ

ಈಚೆಗೊಂದು ಭಾನುವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯ ಒಬ್ಬ ವಿದ್ಯಾರ್ಥಿನಿ ತಂದೆಯೊಡನೆ ನಮ್ಮ ಮನೆಗೆ ಬಂದಳು. ತಂದೆಯ ಕಂಕುಳಲ್ಲಿ ಹಳೆಯ ಕಂಪ್ಯೂಟರಿನ ಪೆಟ್ಟಿಗೆ.

"ಸಾರ್, ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ 'ಗ್ರಬ್ ರೆಸ್ಕ್ಯೂ' ಅಂತ ಬಂದು ನಿಂತುಬಿಡುತ್ತೆ. ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಅಂತಾರೆ."

ತಂದೆ ತಡೆದು ತಡೆದು ಹೇಳಿದರು: "ನಮ್ಮಪ್ಪ ಗಣಿಯಲ್ಲಿದ್ದಾಗಿನ ಫೋಟೋಗಳು ಅದರೊಳಗಿವೆ ಮೇಷ್ಟ್ರೇ. ಕಾಗದದ್ದನ್ನು ಗೆದ್ದಲು ತಿಂದುಹಾಕಿತು."

ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದ ಹಾಗೆ. ಕೀಲಿ ಕಳೆದುಹೋಯಿತೆಂದು ಮನೆಯನ್ನೇ ಕೆಡವುವವರುಂಟೆ? ಆದರೆ ಗಣಕದ ವಿಷಯದಲ್ಲಿ ನಾವು ಅದಕ್ಕೆ ಥಟ್ಟನೆ ಒಪ್ಪಿಬಿಡುತ್ತೇವೆ.

ಗಣಕ ಏಳುವುದು ಒಂದೇ ಜಿಗಿತದಲ್ಲಲ್ಲ. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. 2001ರಲ್ಲಿ ಗಣಿ ಮುಚ್ಚಿತಾದರೂ ಹಿರಿಯರಿಗೆ ನೆನಪಿದೆ: ಒಂದೇ ಶಾಫ್ಟ್ ಹಿಡಿದು ತಳ ಮುಟ್ಟುವಂತಿರಲಿಲ್ಲ. ಒಂದರಲ್ಲಿ ಇಳಿದು, ಒಳಗೆ ನಡೆದು, ಇನ್ನೊಂದು ಶಾಫ್ಟ್ ಹಿಡಿಯಬೇಕಿತ್ತು. ಗಣಕವೂ ಹಾಗೆಯೇ. ವಿದ್ಯುತ್ ಬಂದೊಡನೆ ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಬಯೋಸ್ ಎಚ್ಚರಗೊಂಡು ಹಾರ್ಡ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಅದರಲ್ಲಿ 446 ಬೈಟ್ ಸೂಚನೆಗಳಿಗೆ, 64 ಬೈಟ್ ಡಿಸ್ಕಿನ ಭಾಗಗಳ ಪಟ್ಟಿಗೆ, ಉಳಿದ ಎರಡು ಗುರುತಿನ ಮೊಹರು. 1983ರ ಡಾಸ್ 2.0 ಕಾಲದಿಂದ ಬಂದ ಏರ್ಪಾಡಿದು. ನಮ್ಮ ಹುಡುಗರ ಒಂದು ರಜಾ ಅರ್ಜಿಯೂ 446 ಅಕ್ಷರದಲ್ಲಿ ಮುಗಿಯುವುದಿಲ್ಲ! ಹಾಗಾಗಿ ಆ ಪುಟ್ಟ ಸೂಚನೆ ಮಾಡುವುದು ಒಂದೇ ಕೆಲಸ: ಪಕ್ಕದಲ್ಲಿರುವ ಸ್ವಲ್ಪ ದೊಡ್ಡ ಭಾಗವನ್ನು ಎಬ್ಬಿಸುವುದು. ಅದು ಲಿನಕ್ಸ್ ಇರುವ ಪಾರ್ಟಿಷನ್ನಿಗೆ ಹೋಗಿ ತನ್ನ ಉಳಿದ ಕಡತಗಳನ್ನೂ ಮೆನುವನ್ನೂ ತರುತ್ತದೆ. ಲಿನಕ್ಸ್ ಇರುವ ಗಣಕಗಳಲ್ಲಿ ಸಾಮಾನ್ಯವಾಗಿ ಈ ಕೆಲಸ ಮಾಡುವ ತಂತ್ರಾಂಶವೇ ಗ್ರಬ್. ಎರಿಕ್ ಬೋಲಿನ್ ಎಂಬುವರು 1995ರಲ್ಲಿ ಇದನ್ನು ಬರೆಯತೊಡಗಿದರು.

'ಗ್ರಬ್ ರೆಸ್ಕ್ಯೂ' ಎಂದು ಬಂತೆಂದರೆ ಎರಡನೆಯ ಶಾಫ್ಟ್‌ವರೆಗೆ ಇಳಿದಾಗಿದೆ, ಮುಂದಿನ ದಾರಿ ತಪ್ಪಿದೆ ಎಂದರ್ಥ. ಡಿಸ್ಕು ಸತ್ತಿಲ್ಲ; ಸತ್ತಿದ್ದರೆ ಈ ಎರಡು ಪದವೂ ಬರುತ್ತಿರಲಿಲ್ಲ.

"ಈಚೆಗೆ ಯಾರಾದರೂ ಏನಾದರೂ ಮಾಡಿದ್ರಾ?" ಎಂದು ಕೇಳಿದೆ. ವೈದ್ಯರೂ ಮೊದಲು ಕೇಳುವುದು ಇದನ್ನೇ. ಹುಡುಗಿ ನೆಲ ನೋಡಿದಳು. ಪಿಯುಸಿ ಓದುವ ಅಣ್ಣ ಆಟಗಳಿಗೆ ಜಾಗ ಬೇಕೆಂದು ವಿಂಡೋಸ್‌ನಲ್ಲಿ ಕೂತು ಒಂದು ಪಾರ್ಟಿಷನ್ ಕುಗ್ಗಿಸಿ ಹೊಸದೊಂದು ಮಾಡಿದ್ದನಂತೆ. ಸರಿ, ಕಳ್ಳ ಸಿಕ್ಕ. ಮಧ್ಯದಲ್ಲಿ ಹೊಸ ಭಾಗ ಬಂದದ್ದರಿಂದ ಆರನೆಯದಾಗಿದ್ದ ಉಬುಂಟು ಪಾರ್ಟಿಷನ್ ಏಳನೆಯದಾಗಿತ್ತು. ಗ್ರಬ್ ಮಾತ್ರ ಆರನೆಯ ಬಾಗಿಲನ್ನೇ ತಟ್ಟುತ್ತಿತ್ತು. ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆಯಾಗಿತ್ತಲ್ಲ? ಹಳೆಯ ಹೆಸರು ಹಿಡಿದು ಹುಡುಕಿದವನಿಗೆ ನಿಲ್ದಾಣ ಸಿಗದೆ ಹೋಗಬಹುದು, ಆದರೆ ಊರು ಅಲ್ಲೇ ಇದೆ.

'ಎಲ್‌ಎಸ್' ಎಂದು ಒತ್ತಿದಾಗ ಪಾರ್ಟಿಷನ್ನುಗಳ ಪಟ್ಟಿ ಬಂತು. ಒಂದೊಂದನ್ನೇ 'ಎಲ್‌ಎಸ್' ಹಾಕಿ ತೆರೆದು ನೋಡಿದೆವು. ವಿಂಡೋಸ್ ಭಾಗಗಳಿಗೆ 'ಅನ್‌ನೋನ್ ಫೈಲ್‌ಸಿಸ್ಟಮ್' ಎಂಬ ಉತ್ತರ. ತಂದೆಯ ಮುಖ ಬಾಡಿತು. ಇಲ್ಲಿ ಹೆದರಬೇಕಾದ್ದಿಲ್ಲ. ಈ ಹಂತದಲ್ಲಿ ಗ್ರಬ್‌ಗೆ ವಿಂಡೋಸ್‌ನ ಲಿಪಿ ಓದಲು ಬರುವುದಿಲ್ಲ, ಅಷ್ಟೇ. ಏಳನೆಯದರಲ್ಲಿ ಬೂಟ್, ಹೋಮ್ ಎಂಬ ಹೆಸರುಗಳು ಕಂಡವು. ಆಮೇಲಿನದು ನಾಲ್ಕು ಸಾಲು: 'ಸೆಟ್ ರೂಟ್' ಮತ್ತು 'ಸೆಟ್ ಪ್ರಿಫಿಕ್ಸ್' ಆಜ್ಞೆಗಳಲ್ಲಿ ಹೊಸ ವಿಳಾಸ ಕೊಟ್ಟು, 'ಇನ್ಸ್‌ಮಾಡ್ ನಾರ್ಮಲ್', ಕೊನೆಗೆ 'ನಾರ್ಮಲ್'. ಮೆನು ಬಂತು, ಉಬುಂಟು ಎದ್ದಿತು.

ಇಷ್ಟಕ್ಕೇ ನಿಲ್ಲಿಸಿದರೆ ಮರುದಿನ ಮತ್ತದೇ ಕಪ್ಪು ಪರದೆ. ಟರ್ಮಿನಲ್ಲಿನಲ್ಲಿ 'ಗ್ರಬ್-ಇನ್‌ಸ್ಟಾಲ್' ಮತ್ತು 'ಅಪ್‌ಡೇಟ್-ಗ್ರಬ್' ಮಾಡಿ ಹೊಸ ವಿಳಾಸವನ್ನು ಕಾಯಂ ಮಾಡಬೇಕು. ಮೊದಲನೆಯದಕ್ಕೆ ಇಡೀ ಡಿಸ್ಕಿನ ಹೆಸರು ಕೊಡಬೇಕೇ ಹೊರತು ಪಾರ್ಟಿಷನ್ ಸಂಖ್ಯೆಯನ್ನಲ್ಲ. ಅನೇಕರು ಎಡವುವುದು ಇಲ್ಲಿಯೇ.

ಇದು ಹಳೆಯ ಯಂತ್ರದ ಕಥೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಇದೆ. ಬೂಟ್ ಕಡತಗಳಿಗೆ ಪ್ರತ್ಯೇಕ ಚಿಕ್ಕ ಪಾರ್ಟಿಷನ್, ಯಾರನ್ನು ಮೊದಲು ಎಬ್ಬಿಸಬೇಕೆಂಬ ಪಟ್ಟಿ ಮದರ್‌ಬೋರ್ಡಿನಲ್ಲಿ. ಆ ಪಟ್ಟಿಯ ಕ್ರಮ ತಪ್ಪಿದ್ದರೆ ಸೆಟ್ಟಿಂಗ್‌ಗೆ ಹೋಗಿ ಮೇಲೆ ಕೆಳಗೆ ಮಾಡಿದರಾಯಿತು. ಆದರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಮುಟ್ಟಿದ ಮೇಲೆ ಅದು ಕೀಲಿ ಕೇಳಬಹುದು. ಆಗ ಕೀಲಿ ಇಲ್ಲದಿದ್ದರೆ ಯಾವ ಮೇಷ್ಟ್ರೂ ಏನೂ ಮಾಡಲಾರ.

ಎಲ್ಲಕ್ಕಿಂತ ಮೊದಲು ಫೋಟೋಗಳನ್ನು ಎರಡು ಪೆನ್‌ಡ್ರೈವ್‌ಗಳಿಗೆ ತುಂಬಿಸಿದೆ. ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿಕೊಂಡು ಶಾಫ್ಟ್ ಮುಂದೆ ನಿಂತ ಆರು ಜನರ ಚಿತ್ರ ಪರದೆಗೆ ಬಂದಾಗ ತಂದೆ ಬೆರಳಿಟ್ಟು, "ಎಡಗಡೆಯಿಂದ ಎರಡನೆಯವರು" ಎಂದರು. ಹುಡುಗಿ ಅಣ್ಣ ಮಾಡಿದ ಹೊಸ ಪಾರ್ಟಿಷನ್ ತೆರೆದು ನೋಡಿದಳು. ಖಾಲಿ. ಒಂದು ಆಟವನ್ನೂ ಅವನಿನ್ನೂ ಹಾಕಿರಲಿಲ್ಲ.