ಚುಕ್ಕಾಣಿ ಹಿಡಿದವರಿಗೆ ಕಾಣದ್ದು



ದೋಣಿ ಪಂದ್ಯ ಅಂದ ಕೂಡಲೇ ಕಾಸರಗೋಡಿನವರಾದ ನಮ್ಮ ಕಣ್ಣ ಮುಂದೆ ಬರುವುದು ವಳ್ಳಂಕಳಿ. ಜಿಲ್ಲೆಯ ದಕ್ಷಿಣದ ತೇಜಸ್ವಿನಿ ಹೊಳೆಯ ದಂಡೆಯಲ್ಲಿ ನಿಂತು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿ ಎಲ್ಲರಿಗೂ ಒಂದೇ ತಾಳ, ಒಂದೇ ಹಾಡು, ಹೆಚ್ಚುಕಡಿಮೆ ಒಂದೇ ಕೆಲಸ. ತಂಡ ಎಂದರೆ ಹೀಗೇ ಇರಬೇಕೆಂದು ನಾವು ಅಂದುಕೊಂಡುಬಿಟ್ಟಿದ್ದೇವೆ: ಒಬ್ಬರು ಹೇಳಬೇಕು, ಉಳಿದವರು ಮಾಡಬೇಕು. ಈಚೆಗೆ ನಮ್ಮ ಯುವಸಂಘದ ಕೆಲವರಿಗೆ ಕೀಲ್‌ಬೋಟ್ ರೇಸಿನ ವಿಡಿಯೋ ನೋಡುವ ಹುಚ್ಚು ಹಿಡಿದಿದೆ. ಅದನ್ನು ನೋಡಿದ ಮೇಲೆ ಈ ಎಣಿಕೆ ಅರ್ಧ ಮಾತ್ರ ಸರಿ ಎಂಬುದು ನಮ್ಮ ಅಭಿಪ್ರಾಯ.

ಕೀಲ್‌ಬೋಟ್ ಎಂದರೆ ತಳದಲ್ಲಿ ಭಾರವಾದ ರೆಕ್ಕೆಯಿರುವ ಹಾಯಿದೋಣಿ. ಗಾಳಿ ಹಾಯಿಯನ್ನು ಒಂದು ಬದಿಗೆ ತಳ್ಳುವಾಗ ದೋಣಿ ಮಗುಚದಂತೆ ತಡೆಯುವುದು ಆ ಭಾರ. ಪ್ರಸಿದ್ಧವಾದ ಒಂದನ್ನು ತೆಗೆದುಕೊಳ್ಳೋಣ, ಜೆ/24. ಅಮೆರಿಕದ ರಾಡ್ ಜಾನ್‌ಸ್ಟನ್ 1970ರ ದಶಕದಲ್ಲಿ ಮೊದಲನೆಯದನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟಿದರು. ಆಮೇಲೆ ಅಂಥವು 5000ಕ್ಕೂ ಹೆಚ್ಚು ತಯಾರಾದವು. ಉದ್ದ 24 ಅಡಿ, ಸಾಮಾನ್ಯವಾಗಿ 5 ಜನ. ಪಂದ್ಯಕ್ಕೆ ಬರುವ ಎಲ್ಲ ದೋಣಿಗಳೂ ಒಂದೇ ಅಳತೆಯವು, ಆದ್ದರಿಂದ ಸೋತರೆ ದೋಣಿಯನ್ನು ದೂರುವ ಹಾಗಿಲ್ಲ. (ನಮಗೆ ಹತ್ತಿರದ ಏಳಿಮಲ ನೌಕಾ ಅಕಾಡೆಮಿಯ ಅಡ್ಮಿರಲ್ಸ್ ಕಪ್‌ನಲ್ಲಿ ಓಡುವುದು ಲೇಸರ್ ದೋಣಿಗಳು. ಅದರಲ್ಲಿ ಒಬ್ಬರೇ ಕೂರುವುದು, ಜಗಳವಾಡಲು ಜೊತೆಯೇ ಇಲ್ಲ!)

ಈ ಐವರಲ್ಲಿ ಚುಕ್ಕಾಣಿ ಹಿಡಿದವರಿಗೆ ಎಲ್ಲವೂ ಕಾಣುತ್ತದೆ ಎಂದು ನಾವು ತಿಳಿದಿದ್ದೆವು. ನಿಜ ಹಾಗಲ್ಲ. ಗಾಳಿಗೆದುರಾಗಿ ಏರುವಾಗ ಅವರ ಕಣ್ಣು ಮುಂದಿನ ಹಾಯಿಗೆ ಅಂಟಿಸಿದ ನೂಲೆಳೆಗಳ ಮೇಲೆ ನೆಟ್ಟಿರುತ್ತದೆ. ಆ ಎಳೆಗಳು ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ದೋಣಿ ಸರಿಯಾಗಿ ಓಡುತ್ತಿದೆ ಎಂದು ಲೆಕ್ಕ. ಆದರೆ ಅದೇ ದೊಡ್ಡ ಹಾಯಿ ಅವರಿಗೆ ಒಂದು ಬದಿಯನ್ನು ಪೂರ್ತಿ ಮರೆಮಾಡುತ್ತದೆ. ರೇಸಿನ ನಿಯಮದಂತೆ, ಎಡಬದಿಯಿಂದ ಗಾಳಿ ಪಡೆಯುವ ದೋಣಿ ಬಲಬದಿಯಿಂದ ಗಾಳಿ ಪಡೆಯುವ ದೋಣಿಗೆ ದಾರಿ ಬಿಡಬೇಕು. ಎಡಗಾಳಿಯಲ್ಲಿ ಹೋಗುತ್ತಿದ್ದರೆ ದಾರಿ ಬಿಡಬೇಕಾದ ಆ ದೋಣಿ ಬರುವುದು ಹಾಯಿಯ ಮರೆಯಿಂದಲೇ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತವರಲ್ಲಿ ಯಾರಾದರೊಬ್ಬರು ಬಗ್ಗಿ ನೋಡಿ ಹೇಳದಿದ್ದರೆ ಡಿಕ್ಕಿಯೇ ಗತಿ. ನೀರಿನ ಮೇಲೆ ಕಪ್ಪಗೆ ಓಡಿ ಬರುವ ಗಾಳಿಯ ಬೀಸನ್ನು ನೋಡಿ “ಬಂತು, ಮೂರು, ಎರಡು, ಒಂದು” ಎಂದು ಎಣಿಸುವವರೂ ಅವರೇ.

ಗಾಳಿಯ ಜೊತೆ ಇಳಿಯುವಾಗ ಮಾತಿನ ರೀತಿಯೇ ಬೇರೆ. ಸ್ಪಿನೇಕರ್ ಎಂಬ ಉಬ್ಬಿದ ಹಾಯಿಯ ಹಗ್ಗ ಹಿಡಿದವರ ಕೈಗೆ ಗಾಳಿಯ ಎಳೆತ ಗೊತ್ತಾಗುತ್ತದೆ. ಎಳೆತ ಜೋರಾಗಿದೆ ಎಂದರೆ ಚುಕ್ಕಾಣಿಯವರು ದೋಣಿಯನ್ನು ಗುರುತಿನ ಕಡೆ ಇಳಿಸುತ್ತಾರೆ, ಸಡಿಲಾಯಿತು ಎಂದರೆ ಸ್ವಲ್ಪ ಗಾಳಿಯ ಕಡೆ ಏರಿಸುತ್ತಾರೆ. ಒಬ್ಬರ ಕೈ, ಇನ್ನೊಬ್ಬರ ಚುಕ್ಕಾಣಿ. ಮಧ್ಯೆ ಎರಡೇ ಎರಡು ಪದ, ಆದರೆ ನಿಲ್ಲುವುದಿಲ್ಲ. ಹಾಯಿಯನ್ನು ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸುವಾಗ ಮುಂತುದಿಯಲ್ಲಿ ನಿಂತವರು ಕಂಬಿಯನ್ನು ಬಿಚ್ಚಿ ಆಚೆ ಬದಿಗೆ ಸಿಕ್ಕಿಸಿ “ಆಯಿತು” ಎನ್ನಬೇಕು. ಆ ಒಂದು ಪದಕ್ಕೆ ಹಿಂದಿದ್ದವರೆಲ್ಲ ಕಾಯುತ್ತಾರೆ. ಅಲ್ಲಿರುವುದು ತಂಡದ ಕಿರಿಯರೇ ಆಗಿದ್ದರೂ ಸರಿ, ಆ ಹೊತ್ತಿಗೆ ದೋಣಿ ಅವರ ಮಾತಿನ ಮೇಲೆ ನಡೆಯುತ್ತದೆ.

ಆರಂಭದಲ್ಲಂತೂ ಬಾಯಿಗೂ ಕೆಲಸವಿಲ್ಲ. 5 ನಿಮಿಷ, 4 ನಿಮಿಷ, 1 ನಿಮಿಷ ಎಂದು ಬಾವುಟದ ಸೂಚನೆ ಬರುತ್ತದೆ, ಹತ್ತಾರು ದೋಣಿಗಳು ಒಂದು ಗೆರೆಯ ಹಿಂದೆ ನುಗ್ಗಾಡುತ್ತವೆ. ಮುಂತುದಿಯವರು ಬೆನ್ನ ಹಿಂದೆ ಬೆರಳು ತೋರಿಸುತ್ತಾರೆ: ಗೆರೆಗೆ ಇನ್ನು ಎಷ್ಟು ದೋಣಿಯುದ್ದ ಬಾಕಿ ಎಂದು. ಕೂಗಿದರೆ ಗಾಳಿ ಹಾರಿಸಿಕೊಂಡು ಹೋಗುತ್ತದೆ, ಇಲ್ಲವೇ ಪಕ್ಕದ ದೋಣಿಯವರು ಕೇಳಿಸಿಕೊಳ್ಳುತ್ತಾರೆ.

ಹಾಗಾದರೆ ಎಲ್ಲರೂ ಮಾತನಾಡಿದರೆ ಸಂತೆಯಾಗುವುದಿಲ್ಲವೇ ಎಂದು ಕೇಳುವವರಿದ್ದೀರಿ. ಆಗುತ್ತದೆ, ಖಂಡಿತ. ಗುರುತನ್ನು ಸುತ್ತುವ ಹೊತ್ತಿನಲ್ಲಿ ಚರ್ಚೆ ಮಾಡಲು ಕೂತರೆ ಸ್ಪಿನೇಕರ್ ದೋಣಿಯೊಳಗಿರುವ ಬದಲು ನೀರಿನಲ್ಲಿರುತ್ತದೆ. ತೀರ್ಮಾನ ಒಬ್ಬರದೇ, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಕಂಡದ್ದನ್ನು ಹೇಳುವುದು ತೀರ್ಮಾನವಲ್ಲ. “ಬಲಕ್ಕೆ ದೋಣಿ, ನಾಲ್ಕು ಉದ್ದ ದೂರ” ಎನ್ನುವುದು ಸುದ್ದಿ. “ಅಯ್ಯೋ, ಈಗಲೇ ತಿರುಗಿಸಿ ಅಂದ್ರೆ!” ಎನ್ನುವುದು ಗದ್ದಲ. ಕೆಳಗಿನವರು ಸುದ್ದಿ ಹೇಳಬೇಕಾದರೆ ಮೇಲಿನವರು ಅರಚುವುದನ್ನು ಬಿಡಬೇಕು. ಬೈಗುಳ ತಿಂದವನು ಮುಂದಿನ ಸಲ ಬಗ್ಗಿ ನೋಡುತ್ತಾನೆ, ಆದರೆ ಹೇಳುವುದಿಲ್ಲ.

ಹೇಳಿದ್ದನ್ನು ಮತ್ತೊಮ್ಮೆ ಕೇಳುವುದೂ ಬೇಕು. 2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸಿನಲ್ಲಿ ಕೇಪ್‌ಟೌನಿನಿಂದ ಅಬುಧಾಬಿಗೆ ಓಡುತ್ತಿದ್ದ ‘ಟೀಮ್ ವೆಸ್ಟಾಸ್ ವಿಂಡ್’ ದೋಣಿ ಮಾರಿಷಸ್‌ನ ಈಶಾನ್ಯದ ಹವಳದ ದಿಬ್ಬಕ್ಕೆ ಬಡಿಯಿತು. ಅದರಲ್ಲಿದ್ದ 9 ಜನರೂ ನುರಿತವರು, ದೋಣಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅಲ್ಲಿ ಕನಿಷ್ಠ 40 ಮೀಟರ್ ಆಳವಿದೆ ಎಂದು ನಂಬಿದ್ದರು. ಎಲೆಕ್ಟ್ರಾನಿಕ್ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿದ್ದರೆ ದಿಬ್ಬ ಕಾಣುತ್ತಿತ್ತು. ಎಲ್ಲರೂ ಬದುಕಿದರು, ದೇವರ ದಯೆ. ಕೈಚಳಕ ಎಷ್ಟಿದ್ದರೇನು, ಸುದ್ದಿಯೇ ತಪ್ಪಾಗಿತ್ತು.

ಇನ್ನು ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಕೆಲಸ ಹಂಚುವ ಸಭೆ ಬರುತ್ತಿದೆ. ಮೈಕ್ ಸೆಟ್ಟಿನ ವಯರು ಎಲ್ಲಿ ತುಳಿಸಿಕೊಳ್ಳುತ್ತದೆ, ಊಟದ ಸಾಲು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಮೊದಲು ಕಾಣುವುದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ. ಸಭೆಯಲ್ಲಿ ಅವರು ಕೂರುವುದು ಕೊನೆಯ ಬೆಂಚಿನಲ್ಲಿ. ಈ ಸಲ ಮೊದಲ ಹತ್ತು ನಿಮಿಷ ಅವರೇ ಮಾತನಾಡಲಿ, ಪದಾಧಿಕಾರಿಗಳು ಬರೆದುಕೊಳ್ಳಲಿ ಎಂದು ನಾವು ಕೇಳಲಿದ್ದೇವೆ.