ಮಡಿಕೇರಿಯಲ್ಲಿ ಎರಡು ದಿನ

ಕೊಡಗಿನೊಳಗೆ ರೈಲುಮಾರ್ಗವಿಲ್ಲ. ಮೈಸೂರಿನಿಂದ ಸುಮಾರು 120 ಕಿಲೋಮೀಟರು ಪಯಣಿಸಿ ಮಡಿಕೇರಿಯನ್ನು ಮುಟ್ಟಿದ ಕುಟುಂಬಕ್ಕೆ ಸಾಲದೆ ಹೋಗುವುದು ಹಣಕ್ಕಿಂತ ಹೆಚ್ಚಾಗಿ ಹಗಲು. ಅಜ್ಜಿಗೆ ತಲಕಾವೇರಿಯ ದರ್ಶನ ಬೇಕು. ಮಕ್ಕಳಿಗೆ ದುಬಾರೆಯ ಆನೆಗಳು ಬೇಕು. ಒಂದು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಘಟ್ಟದ ತಿರುವುಗಳಲ್ಲಿ ಬಳಲುವವರು ಅಜ್ಜಿಯೇ. ಆದುದರಿಂದ ದಿನಕ್ಕೊಂದು ದಿಕ್ಕು ಎಂಬುದೇ ಯುಕ್ತವಾದ ಸೂತ್ರ.

ಮೊದಲ ದಿನ ತಲಕಾವೇರಿಗೆ ಮೀಸಲಾಗಲಿ. ದೂರ ಸುಮಾರು 48 ಕಿಲೋಮೀಟರು. ಟ್ಯಾಕ್ಸಿ ಗೊತ್ತುಮಾಡುವಾಗ ಹೋಗಿಬರುವ ಬಾಡಿಗೆ, ಕಾಯುವ ಹೊತ್ತು, ನಡುವೆ ಭಾಗಮಂಡಲದಲ್ಲಿ ಇಳಿಯುವುದು, ಇಷ್ಟನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ. ಮಳೆಗಾಲವಾದರೆ ರಸ್ತೆಯ ಸ್ಥಿತಿಯನ್ನೂ ವಿಚಾರಿಸಬೇಕು. 2018ರ ಆಗಸ್ಟಿನ ಭೂಕುಸಿತಗಳನ್ನು ಕೊಡಗು ಮರೆತಿಲ್ಲ. ಮರಳಿದ ಸಂಜೆ ಆಯುರ್ವೇದದ ಎಣ್ಣೆ ತಿಕ್ಕಿಸಿಕೊಂಡರೆ ಮೈನೋವು ಇಳಿದೀತು. ಊಟವಾದೊಡನೆ ಮಾತ್ರ ಅದು ಸಲ್ಲದು.

ಊಟದಲ್ಲಿ ಕಡಂಬುಟ್ಟು, ಪಂದಿಕರಿಗಳ ಜೋಡಿ ಪ್ರಸಿದ್ಧ. ಸಸ್ಯಾಹಾರಿಗಳು ನಿರಾಶರಾಗಬೇಕಿಲ್ಲ, ನೂಪುಟ್ಟು, ಪಾಪುಟ್ಟು, ಅಕ್ಕಿರೊಟ್ಟಿಗಳುಂಟು, ಮಳೆಗಾಲದಲ್ಲಿ ಬಿದಿರಿನ ಕಣಿಲೆಯೂ ಉಂಟು.

ಎರಡನೆಯ ದಿನ ದುಬಾರೆ. ಆನೆಗಳ ಸ್ನಾನ ಬೆಳಗಿನ ಹೊತ್ತಾದುದರಿಂದ ಬೇಗನೆ ಹೊರಡಬೇಕು. ಖರೀದಿಯನ್ನು ಕೊನೆಗಿಟ್ಟರೆ ಮೂಟೆ ಹೊರುವ ಶ್ರಮ ತಪ್ಪೀತು: ಕಾಫಿಪುಡಿ, ಏಲಕ್ಕಿ, ಕರಿಮೆಣಸು, ಜೇನು. ಆ ದಿನ ಶುಕ್ರವಾರವಾದರೆ ಮಡಿಕೇರಿಯ ಸಂತೆಯೇ ಕಾದಿರುತ್ತದೆ.

ಉಳಿದ ಸಂಜೆಗೆ ರಾಜಾಸೀಟಿನ ಸೂರ್ಯಾಸ್ತವುಂಟು. ಪೇಟೆಯಲ್ಲಿ ತಂಗಿದವರಿಗೆ ಅದಕ್ಕೆ ಟ್ಯಾಕ್ಸಿಯೂ ಬೇಡ. ಅಜ್ಜಿಯ ಕೈಹಿಡಿದು ಮೆಲ್ಲಗೆ ನಡೆದರಾಯಿತು.