ಕೇಳಿದವರಿಗೆ ಉತ್ತರ

1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನವರು ಮಂಗಳೂರು ತಲುಪಿದರು. ಆ ದಿನಕ್ಕೆ ಇನ್ನೂರು ವರ್ಷ ತುಂಬಲು ಹೆಚ್ಚು ಕಾಲ ಉಳಿದಿಲ್ಲ. ಅದರ ನೆನಪಿನ ಸಂಚಿಕೆಗಳಲ್ಲಿ ಏನೇನು ಬರುತ್ತದೆಂದು ಓದುಗರಿಗೆ ಈಗಲೇ ಗೊತ್ತು: ಹಂಚಿನ ಕಾರ್ಖಾನೆ, ನೇಯ್ಗೆ, ಬಲ್ಮಠದ ಅಚ್ಚುಕೂಟ, 1843ರ ‘ಮಂಗಳೂರ ಸಮಾಚಾರ’, ಕಿಟ್ಟೆಲರ ನಿಘಂಟು. ಬರಲಿ, ಬರಬೇಕಾದದ್ದೇ. ಆದರೆ ಆ ಮೂವರು ಬಂದದ್ದು ಹಂಚು ಸುಡುವುದಕ್ಕಲ್ಲ, ಒಂದು ನಂಬಿಕೆಯನ್ನು ಹೇಳುವುದಕ್ಕೆ. ಅದನ್ನು ಅವರು ಹೇಳಿದ್ದು ಹೇಗೆ, ಅವರ ತರುವಾಯ ನಾವು ಹೇಳಿಕೊಂಡು ಬಂದದ್ದು ಹೇಗೆ, ನೆರೆಯವರ ಮನಸ್ಸಿನಲ್ಲಿ ಅದು ಉಳಿದದ್ದು ಹೇಗೆ ಎಂಬ ಲೆಕ್ಕವನ್ನು ಮಾತ್ರ ಕನ್ನಡದ ಕ್ರೈಸ್ತರು ಕೂತು ನೋಡಿದ್ದು ಕಡಿಮೆ.

ಆ ಲೆಕ್ಕಕ್ಕೆ ಬೇಕಾದ ಅಳತೆಗೋಲು ನಮ್ಮ ಗ್ರಂಥದಲ್ಲೇ ಇದೆ. ಸಂಡೆ ಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ವಚನ ಅದು, ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯದ ಹದಿನೈದನೆಯದು. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ವಿಚಾರಿಸಿದವರಿಗೆಲ್ಲ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಎಂಬುದು ಅದರ ತಾತ್ಪರ್ಯ. ಬಾಯಿಪಾಠ ಮಾಡುವಾಗ ಎರಡು ಸಂಗತಿ ನಮ್ಮ ಗಮನಕ್ಕೆ ಬರುವುದಿಲ್ಲ. ಆ ಪತ್ರ ಬರೆದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದುರಿದ್ದ ಬೆರಳೆಣಿಕೆಯ ಜನಕ್ಕೆ. ಅಧಿಕಾರವಾಗಲಿ ಆಸರೆಯಾಗಲಿ ಇಲ್ಲದ, ಅಕ್ಕಪಕ್ಕದವರ ಸಂಶಯದ ನಡುವೆ ಬದುಕುತ್ತಿದ್ದ ಮಂದಿಗೆ. ಎರಡನೆಯದು, ಅಲ್ಲಿ ಉತ್ತರಕ್ಕಿಂತ ಮೊದಲು ಪ್ರಶ್ನೆ ಇದೆ. ಯಾರೋ ಬಂದು ಕೇಳಬೇಕು. ಕೇಳುವಂತೆ ಬದುಕಿರಬೇಕು ಎಂಬುದು ಆ ಪತ್ರದ ಉಳಿದ ಭಾಗದಲ್ಲೆಲ್ಲ ಹರಡಿಕೊಂಡಿರುವ ಮಾತು. ನಮ್ಮ ನಾಡಿನ ಕ್ರೈಸ್ತ ಚರಿತ್ರೆಯನ್ನು ಈ ಎರಡು ಸಂಗತಿಗಳ ಮೇಲೆ ಇಟ್ಟು ನೋಡಿದರೆ, ಹೊಗಳಿಕೆಯ ಸಂಚಿಕೆಗಳಲ್ಲಿ ಕಾಣದ ಎಷ್ಟೋ ಕಾಣುತ್ತದೆ.

ಬಾಸೆಲಿನವರಿಗಿಂತ ಇನ್ನೂರು ವರ್ಷ ಹಿಂದೆಯೇ, 1616ರಲ್ಲಿ, ಗೋವೆಯ ರಾಚೋಲಿನಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಪಾದ್ರಿಯ ಕ್ರಿಸ್ತಪುರಾಣ ಅಚ್ಚಾಯಿತು. ಮರಾಠಿಯ ಓವಿಗಳಲ್ಲಿ, ಕೇಳುಗರು ಪ್ರಶ್ನಿಸುತ್ತ ಗುರು ಉತ್ತರಿಸುತ್ತ ಸಾಗುವ ಕಾವ್ಯ. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತರು ಅದನ್ನು ಮರೆಯಲಿಲ್ಲ. 1907ರಲ್ಲಿ ಅದರ ಹೊಸ ಆವೃತ್ತಿ ಹೊರಬಂದದ್ದು ಮಂಗಳೂರಿನಿಂದಲೇ. ಅಷ್ಟು ಮೃದುವಾದ ಆ ಕಾವ್ಯ ಹುಟ್ಟಿದ ಸಾಷ್ಟಿ ಸೀಮೆಯಲ್ಲೇ ಪೋರ್ಚುಗೀಸರ ಆಳ್ವಿಕೆ ದೇವಸ್ಥಾನಗಳನ್ನು ಕೆಡವಿತ್ತು ಎಂಬುದನ್ನೂ ಜೊತೆಯಲ್ಲೇ ನೆನೆಯಬೇಕು. ಕಾವ್ಯದೊಳಗಿನ ಕೇಳುಗ ಸಮಾಧಾನದಿಂದ ಪ್ರಶ್ನಿಸುತ್ತಾನೆ. ಕಾವ್ಯದ ಹೊರಗಿದ್ದವನಿಗೆ ಹಾಗೆ ಪ್ರಶ್ನಿಸುವ ಬಿಡುವು ಎಷ್ಟಿತ್ತು? ಮಾತು ಎಷ್ಟೇ ಸೌಮ್ಯವಾಗಿದ್ದರೂ ಆಡುವವನ ಹಿಂದೆ ಕತ್ತಿ ನಿಂತಿದ್ದರೆ ಅದು ಸೌಮ್ಯವಾಗಿ ಕೇಳಿಸದು.

ಬಾಸೆಲಿನವರ ಹಿಂದೆ ಕತ್ತಿ ಇರಲಿಲ್ಲ, ಕಂಪನಿ ಸರಕಾರದ ನೆರಳು ಇತ್ತು. ಜಾತ್ರೆ, ಸಂತೆ, ಕಟ್ಟೆ, ಎಲ್ಲಿ ಜನ ಸೇರುತ್ತಾರೋ ಅಲ್ಲಿಗೆ ಹೋಗಿ ಕೇಳದವರಿಗೂ ಉತ್ತರ ಹೇಳಿದರು. 1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಎಂಬ ಮಹಾಪ್ರತಿಭೆಯ ಕಾಲದಲ್ಲಿ ಮಿಶನ್ ಅಚ್ಚು ಹಾಕಿಸಿದ ಚಿಕ್ಕ ಪುಸ್ತಕಗಳಲ್ಲಿ ‘ಜಾತಿ ವಿಚಾರಣೆ’, ‘ದೇವ ವಿಚಾರಣೆ’ ಮೊದಲಾದವು ಇವೆ. ಹೆಸರಿನಲ್ಲೇ ನ್ಯಾಯಾಲಯದ ಗತ್ತು. ಜಾತಿಯ ವಿಷಯದಲ್ಲಿ ಅವರು ಎತ್ತಿದ ಆಕ್ಷೇಪ ಸುಳ್ಳೇನಲ್ಲ. ಅದನ್ನು ಯಾರಾದರೂ ಹೇಳಲೇಬೇಕಿತ್ತು, ಸುಮಾರು ಏಳು ಶತಮಾನ ಹಿಂದೆ ಕಲ್ಯಾಣದಲ್ಲಿ ಶರಣರು ಹೇಳಿಯೂ ಇದ್ದರು. ಸೌಮ್ಯತೆಯೆಂದರೆ ಅನ್ಯಾಯದ ಎದುರು ಬಾಯಿ ಮುಚ್ಚಿಕೊಳ್ಳುವುದು ಎಂದು ನಾವು ತಿಳಿದಿಲ್ಲ. ಆದರೆ ಒಂದು ಜನಸಮುದಾಯದ ಪೂಜೆ, ದೇವರು, ಹಬ್ಬ ಎಲ್ಲವನ್ನೂ ಕಟಕಟೆಗೆ ಹತ್ತಿಸಿ ತಾನೇ ತೀರ್ಪು ಓದುವ ಧಾಟಿ ಆ ಕಾಲದ ಬರಹದಲ್ಲಿ ದಟ್ಟವಾಗಿದೆ. (ಜಾತಿಯನ್ನು ಅಷ್ಟು ಜರೆದ ಮೇಲೂ ನಮ್ಮ ಸಭೆಗಳೊಳಗೆ, ನಮ್ಮ ಮದುವೆಗಳಲ್ಲಿ ಅದು ಹಾಯಾಗಿ ಉಳಿದುಕೊಂಡದ್ದು ಬೇರೆ ಮಾತು.) 1844ರಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಅವರ ಸಂಗಡಿಗರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕೆರಳಿ ನಿಂತಿತು. ಕೌಂಡಿನ್ಯರು ತಾವಾಗಿ ಓದಿ, ತಾವಾಗಿ ಪ್ರಶ್ನಿಸಿ ಬಂದವರು. ಅವರ ಮನೆಯಲ್ಲಿ ಆದ ಅಳು ನಮ್ಮ ಚರಿತ್ರೆಗಳಲ್ಲಿ ವಿಜಯದ ಅಡಿಟಿಪ್ಪಣಿಯಾಗಿ ಬಂದಿದೆಯೇ ಹೊರತು ಅಳುವಾಗಿ ಬಂದಿಲ್ಲ.

ಅತ್ತ ಗದಗಿನ ಕಡೆ 1840ರ ಸುಮಾರಿಗೆ ನಡೆದದ್ದು ಇದಕ್ಕೆ ತಿರುಗುಮುರುಗು. ಕಾಲಜ್ಞಾನವನ್ನು ನಂಬಿದ ಕೆಲವರು ತಾವಾಗಿಯೇ ಮಿಶನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಗುರುಗಳು ಮುನ್ನುಡಿದದ್ದು ಇವರನ್ನೇ ಇರಬಹುದೆ ಎಂದು ಅವರ ಶಂಕೆ. ಊರಿಗೆ ಊರೇ ಸಭೆ ಸೇರುತ್ತದೆಂದು ಮಿಶನರಿಗಳು ಹಿಗ್ಗಿದರು, ಮಲಸಮುದ್ರದಲ್ಲಿ ನೆಲೆ ಮಾಡಿದರು, ಅಂದುಕೊಂಡದ್ದು ನಡೆಯಲಿಲ್ಲ. ಬಂದವರ ಪ್ರಶ್ನೆಯನ್ನು ಅವರದೇ ಪದಗಳಲ್ಲಿ ಕೇಳಿಸಿಕೊಳ್ಳುವಷ್ಟು ಕಿವಿ ಇನ್ನೂ ಹದವಾಗಿರಲಿಲ್ಲ ಎನ್ನಬೇಕು.

ಆ ಕಿವಿ ಹದವಾದದ್ದು ವಾದದಿಂದಲ್ಲ, ಓದಿನಿಂದ. ಅದೇ ಮೊಗ್ಲಿಂಗ್ 1848ರಿಂದ 1853ರವರೆಗೆ ಕ್ಯಾಸಮೇಜರ್ ಎಂಬ ಅಧಿಕಾರಿಯ ಹಣದ ನೆರವಿನಿಂದ ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದರು. ಯಾವ ಭಕ್ತಿಯನ್ನು ಪ್ರಚಾರದ ಪುಸ್ತಕಗಳಲ್ಲಿ ಹಳಿದಿದ್ದರೋ ಅದೇ ಭಕ್ತಿಯ ಹಾಡುಗಳನ್ನು ಅಕ್ಷರ ಅಕ್ಷರ ತಿದ್ದಿ ಉಳಿಸಿದರು. ಕಿಟ್ಟೆಲರು ಇನ್ನೂ ಮುಂದೆ ಹೋದರು. 1862ರ ಅವರ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಕನ್ನಡದ ದೇಸಿ ಛಂದಸ್ಸುಗಳಿಗೆ ಒಗ್ಗಿಸಿತು. ಆಮೇಲೆ ಶಬ್ದಮಣಿದರ್ಪಣ, ಛಂದೋಂಬುಧಿ, 1894ರಲ್ಲಿ ನಿಘಂಟು. ಆ ನಿಘಂಟಿನಿಂದ ಎಷ್ಟು ಜನ ಕ್ರೈಸ್ತರಾದರೆಂದು ಮಿಶನ್ನಿನ ವಾರ್ಷಿಕ ವರದಿ ಕೇಳಿದ್ದರೆ ಉತ್ತರ ಸೊನ್ನೆ. ಆದರೆ ಬೆಂಗಳೂರಿನ ನಡುಬೀದಿಯಲ್ಲಿ ಕನ್ನಡಿಗರು ಪ್ರತಿಮೆ ನಿಲ್ಲಿಸಿದ್ದು ಆ ಒಬ್ಬ ಮಿಶನರಿಗೆ. ಇನ್ನೊಬ್ಬರ ನುಡಿಯನ್ನು ಅವರಿಗಿಂತ ಚೆನ್ನಾಗಿ ಕಲಿಯುವುದು ಗೌರವದ ಮೊದಲ ರೂಪ ಎಂಬುದನ್ನು ಈ ನಾಡು ಹೀಗೆ ಒಪ್ಪಿಕೊಂಡಿತು.

ಇನ್ನೊಬ್ಬರ ನುಡಿಯ ಜೊತೆಗೆ ಇನ್ನೊಬ್ಬರ ನಂಬಿಕೆಯನ್ನೂ ಹಾಗೆ ಕಲಿತವರು ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನಲ್ಲೇ ಬೆಳೆದು, ಸಭಾಪಾಲಕರಾಗಿ ಊರೂರು ತಿರುಗಿದ ಈ ‘ತಿರುಳ್ಗನ್ನಡದ ತಿರುಕ’ ಪ್ರಸಂಗಕ್ಕೆ ಹೋದ ಹಳ್ಳಿಗಳಲ್ಲಿ ಹೇಳಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚಿರಬೇಕು. ಇಲ್ಲದಿದ್ದರೆ 1924ರಲ್ಲಿ ಸರ್ವಜ್ಞನ ಸುಮಾರು ಎರಡು ಸಾವಿರ ವಚನಗಳು ಪುಸ್ತಕವಾಗಿ ಬರುತ್ತಿರಲಿಲ್ಲ. ಜನರ ಬಾಯಲ್ಲಿ, ಹಳೆಯ ಪ್ರತಿಗಳಲ್ಲಿ ಚೆದುರಿಹೋಗಿದ್ದ ಒಬ್ಬ ಶೈವ ಕವಿಯನ್ನು ನಮಗೆ ಒಟ್ಟುಮಾಡಿ ಕೊಟ್ಟವರು ಒಬ್ಬ ಪಾದ್ರಿ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದು ತಮ್ಮ ಕ್ರಿಸ್ತನನ್ನು ನೆರೆಯವರ ಮುಂದೆ ಇಟ್ಟವರೂ ಅವರೇ. ನಂಬಿಕೆಯನ್ನು ಮುಚ್ಚಿಟ್ಟುಕೊಂಡು ಒಳ್ಳೆಯವರೆನಿಸಿಕೊಂಡವರಲ್ಲ ಅವರು. ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವುದು ಅವರ 1951ರ ‘ಅನುಭವ ಮಂಟಪದ ಐತಿಹಾಸಿಕತೆ’. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಸಂಶಯ ವಿದ್ವಾಂಸರಲ್ಲಿ ಎದ್ದಾಗ, ಇತ್ತು ಎಂದು ವಚನಗಳ ಆಧಾರ ಹಿಡಿದು ವಾದಿಸಲು ನಿಂತವರು ಈ ಕ್ರೈಸ್ತ ಸಭಾಪಾಲಕರು. ಆ ವಾದದ ಸರಿತಪ್ಪನ್ನು ಇತಿಹಾಸಕಾರರು ನೋಡಿಕೊಳ್ಳಲಿ. ನೆರೆಯವನ ನಂಬಿಕೆಗೆ ಕುಂದು ಬಂದಾಗ ಅದರ ಪರ ವಕಾಲತ್ತು ವಹಿಸಿದವನಿಗೆ ತನ್ನ ನಂಬಿಕೆಯ ಬಗ್ಗೆ ಮಾತಾಡುವ ಹಕ್ಕನ್ನು ಯಾರೂ ಕೊಡಬೇಕಾಗಿಲ್ಲ; ಅದು ತಾನಾಗಿ ಬಂದಿರುತ್ತದೆ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಕ್ರೈಸ್ತ ನಂಬಿಕೆಗೆ ಕನ್ನಡದಲ್ಲಿ ಸಿಕ್ಕ ಅತ್ಯುತ್ತಮ ಸಮರ್ಥನೆ ಯಾವುದೆಂದು ನಮ್ಮನ್ನು ಕೇಳಿದರೆ ನಾವು ಒಂದು ಪುಸ್ತಕವನ್ನು ತೋರಿಸುವುದಿಲ್ಲ, ಉತ್ತಂಗಿಯವರ ಬದುಕನ್ನು ತೋರಿಸುತ್ತೇವೆ.

1962ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1914ರ ಯುದ್ಧ ಜರ್ಮನರನ್ನು ಕಳಿಸಿಬಿಟ್ಟಿತ್ತು. 1947ರಲ್ಲಿ ದೇಶವೂ ಸ್ವತಂತ್ರವಾಯಿತು, ದಕ್ಷಿಣ ಭಾರತ ಸಭೆಯೂ ಹುಟ್ಟಿತು. ಹಿಂದೆ ನೆರಳು ಕೊಟ್ಟ ಸರಕಾರ ಇಲ್ಲ ಎಂದಾದ ಮೇಲೆ ಮಾತಿನ ಧಾಟಿ ತಾನಾಗಿ ಇಳಿಯಿತು. 1957ರಲ್ಲಿ ಬೆಂಗಳೂರಿನಲ್ಲಿ ಪಿ. ಡಿ. ದೇವಾನಂದನ್ ಕ್ರೈಸ್ತ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಸಂಸ್ಥೆ ಕಟ್ಟಿ, ಹಿಂದೂ ಚಿಂತಕರ ಜೊತೆ ಸರಿಸಮ ಕೂತು ಮಾತಾಡುವ ರೂಢಿ ಹಾಕಿದರು. 1965ರ ಅಕ್ಟೋಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಅನ್ಯಧರ್ಮಗಳಲ್ಲಿ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ಸಭೆ ತಿರಸ್ಕರಿಸುವುದಿಲ್ಲವೆಂದು ಅಧಿಕೃತವಾಗಿ ಸಾರಿತು. ಕಾರ್ಕಳದಲ್ಲಿ ಹುಟ್ಟಿ ಮಂಗಳೂರಿನ ಸೆಮಿನರಿಯ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಸಮರ್ಥ 1971ರಲ್ಲಿ ಜಿನೀವಾದ ಜಾಗತಿಕ ಸಭಾಮಂಡಲಿಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ನಮ್ಮ ಕರಾವಳಿಯ ಮಗ ಜಗತ್ತಿನ ಸಭೆಗಳಿಗೆ ಸಂವಾದದ ಪಾಠ ಹೇಳಿದ ಆ ದಿನಗಳು ಒಂದು ದೊಡ್ಡ ಭರವಸೆಯ ದಿನಗಳು. ಇನ್ನು ಮೇಲೆ ಹೀಗೆಯೇ ಎಂದು ಎಲ್ಲರೂ ನಂಬಿದ್ದರು.

ಲಾಭ ದೊಡ್ಡದು, ಅಲ್ಲಗಳೆಯುವಂತಿಲ್ಲ. ನಷ್ಟವೂ ಸಣ್ಣದಲ್ಲ. ಆ ಸಂವಾದ ನಡೆದದ್ದು ಇಂಗ್ಲಿಷಿನಲ್ಲಿ. ವಿಚಾರ ಸಂಕಿರಣದ ಪ್ರಬಂಧಗಳಲ್ಲಿ, ಪಂಡಿತರ ನಡುವೆ. ಗದಗಿನ, ಕೊಳ್ಳೇಗಾಲದ, ಬೀದರಿನ ಸಭೆಯ ಬೆಂಚಿಗೆ ಅದು ಇಳಿಯಲಿಲ್ಲ. ಹಳೆಯ ಬೋಧಕ ಜಾತ್ರೆಯಲ್ಲಿ ಒರಟಾಗಿಯೇ ಮಾತಾಡಿರಬಹುದು, ಆದರೆ ಕನ್ನಡದಲ್ಲಿ ಮಾತಾಡುತ್ತಿದ್ದ, ಎದುರಿನವನ ಪ್ರತಿಮಾತನ್ನು ನಿಂತ ನೆಲದಲ್ಲೇ ಎದುರಿಸುತ್ತಿದ್ದ. ಅವನ ಒರಟುತನದ ಜೊತೆ ಅವನ ಬಾಯಿಯನ್ನೂ ಕಳೆದುಕೊಂಡೆವು. ಗೌರವ ಕಲಿತವರು ಹೇಳುವುದನ್ನು ಬಿಟ್ಟರು; ಹೇಳುವುದನ್ನು ಬಿಡದವರು ಗೌರವವನ್ನು ಕಲಿಯಲಿಲ್ಲ. ಈ ಎರಡು ಬಣಗಳ ನಡುವಿನ ಖಾಲಿ ಜಾಗದಲ್ಲಿ ಒಬ್ಬ ಉತ್ತಂಗಿಯವರು ಮತ್ತೆ ಹುಟ್ಟಲಿಲ್ಲ.

ಆ ಖಾಲಿ ಜಾಗದ ಬೆಲೆ 2008ರಲ್ಲಿ ಗೊತ್ತಾಯಿತು. ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ, ಬೇರೆ ಕಡೆಯ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯನ್ನು ಓದುಗರಿಗೆ ನಾವು ನೆನಪಿಸಬೇಕಾಗಿಲ್ಲ. ‘ಸತ್ಯದರ್ಶಿನಿ’ ಎಂಬ ಪುಸ್ತಕದಲ್ಲಿ ಹಿಂದೂ ದೇವತೆಗಳ ಅವಹೇಳನ ಇದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಪುಸ್ತಕಕ್ಕೆ ಪುಸ್ತಕದಿಂದ, ಬೇಕಾದರೆ ನ್ಯಾಯಾಲಯದಿಂದ ಉತ್ತರ ಕೊಡಬಹುದು; ಪ್ರಾರ್ಥನೆಗೆ ಕೂತವರ ಮೇಲೆ ಕೈ ಮಾಡುವುದಕ್ಕೆ ಯಾವ ಪುಸ್ತಕವೂ ಕಾರಣವಾಗದು. ಇದು ನಮ್ಮ ನಿಲುವು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆಗ ನಮ್ಮ ಪ್ರಮುಖ ಸಭೆಗಳು ಹೇಳಿದ್ದೇನು? ಆ ಪುಸ್ತಕ ನಮ್ಮದಲ್ಲ ಎಂದವು. ನಿಜವೇ. ಯಾವುದು ನಮ್ಮದಲ್ಲ ಎಂದು ಹೇಳಿ ಮುಗಿಸಿದೆವು, ಯಾವುದು ನಮ್ಮದು ಎಂದು ಕನ್ನಡದಲ್ಲಿ ಹೇಳಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಆ ದಾಳಿಗಳ ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗದ ವರದಿ ಬಂತು, 2022ರಲ್ಲಿ ಮತಾಂತರದ ಮೇಲೆ ಕಾಯಿದೆ ಬಂತು. ಧರ್ಮ ಪ್ರಚಾರದ ಹಕ್ಕಿನಲ್ಲಿ ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿತ್ತು. ಈಗ ನಮ್ಮ ಮಾತೆಲ್ಲ ವಕೀಲರ ಮೂಲಕ, ಮನವಿಪತ್ರಗಳ ಮೂಲಕ. ಹಕ್ಕಿಗಾಗಿ ಅದು ಬೇಕು. ನಂಬಿಕೆಯ ವಿವರಣೆಯನ್ನು ಮನವಿಪತ್ರ ಮಾಡಲಾರದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ನೂರಕ್ಕೆ ಎರಡರಷ್ಟೂ ಇಲ್ಲ. ಪೇತ್ರನ ಪತ್ರ ತಲುಪಿದ ಮೊದಲ ಓದುಗರು ಇದ್ದ ಜಾಗಕ್ಕೆ ನಾವು ಮರಳಿ ಬಂದಿದ್ದೇವೆ: ಸಂಖ್ಯೆಯಲ್ಲಿ ಅಲ್ಪ, ಸಂಶಯದ ನಡುವೆ ಬದುಕು. ಪ್ರಶ್ನೆಗಳೂ ಮರಳಿ ಬಂದಿವೆ. ನೀವು ವಿದೇಶಿ ಹಣಕ್ಕೆ ಹೀಗೆ ಮಾಡುತ್ತೀರಾ, ನಿಮ್ಮ ದೇವರೊಬ್ಬನೇ ದೇವರಾ, ಹಬ್ಬದ ಪ್ರಸಾದ ಏಕೆ ತಿನ್ನುವುದಿಲ್ಲ ಎಂದು ಆಫೀಸಿನಲ್ಲಿ, ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ನಮ್ಮ ಮಕ್ಕಳನ್ನು ಕೇಳುತ್ತಾರೆ. ಎಲ್ಲವೂ ಕುಹಕದ ಪ್ರಶ್ನೆಗಳಲ್ಲ. ಕೆಲವರು ನಿಜವಾಗಿ ತಿಳಿಯಬೇಕೆಂದು ಕೇಳುತ್ತಾರೆ. ನಮ್ಮ ಹುಡುಗರಲ್ಲಿ ಅರ್ಧ ಜನ ತಲೆ ತಗ್ಗಿಸಿ ಮಾತು ಮರೆಸುತ್ತಾರೆ. ಇನ್ನುಳಿದವರು ಮೊಬೈಲಿನಲ್ಲಿ ಯಾವನೋ ಭಾಷಣಕಾರ ಇನ್ನೊಂದು ಮತವನ್ನು ಚಿಂದಿ ಮಾಡುವ ವಿಡಿಯೊ ಕಳಿಸಿ ಗೆದ್ದೆವೆಂದುಕೊಳ್ಳುತ್ತಾರೆ. ‘ದೇವ ವಿಚಾರಣೆ’ಯ ಧಾಟಿಯೇ ಇದು, ಮೊಗ್ಲಿಂಗರ ಪಾಂಡಿತ್ಯವೊಂದನ್ನು ಬಿಟ್ಟು.

ಇನ್ನೂರನೆಯ ವರ್ಷಕ್ಕೆ ಕಮಾನು ಕಟ್ಟಲು, ಶಿಲಾಫಲಕ ಹಾಕಲು ಸಮಿತಿಗಳು ಆಗುತ್ತವೆ, ಹಣವೂ ಕೂಡುತ್ತದೆ. ಆ ಹಣದಲ್ಲಿ ಒಂದು ಪಾಲನ್ನು ಮೂರು ಕೆಲಸಕ್ಕೆ ತೆಗೆದಿಡಬೇಕೆಂದು ಸಭೆಗಳ ಹಿರಿಯರನ್ನು, ಬಿಷಪರನ್ನು ಕೇಳಿಕೊಳ್ಳುತ್ತೇವೆ. ಉತ್ತಂಗಿ ಚೆನ್ನಪ್ಪನವರ ಬರಹಗಳು ಎಲ್ಲ ಸಭೆಗಳ ಕಪಾಟಿನಲ್ಲೂ ಇರುವಂತಾಗಲಿ. ಸಂಡೆ ಸ್ಕೂಲಿನ ದೊಡ್ಡ ಮಕ್ಕಳಿಗೆ ತಮ್ಮ ನಂಬಿಕೆಯ ಪಾಠದ ಜೊತೆ ವಚನ, ದಾಸರ ಪದ, ಸರ್ವಜ್ಞನ ಒಂದೊಂದು ಪಾಠ ಸೇರಲಿ. ನೆರೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ, ಯಾರ ದೇವರನ್ನೂ ಎಳೆದು ತರದೆ, ತಿಳಿಗನ್ನಡದಲ್ಲಿ ಉತ್ತರ ಹೇಳುವ ಒಂದು ಸಣ್ಣ ಪುಸ್ತಕವನ್ನು ಎಲ್ಲ ಸಭೆಗಳೂ ಒಟ್ಟಾಗಿ ಬರೆಸಲಿ. ಅಚ್ಚಿಗೆ ಹೋಗುವ ಮುಂಚೆ ಅದರ ಕರಡನ್ನು ಒಬ್ಬ ಹಿಂದೂ ಗೆಳೆಯರಿಗೂ ಒಬ್ಬ ಮುಸ್ಲಿಂ ಗೆಳೆಯರಿಗೂ ಕೊಟ್ಟು ಓದಿಸಲಿ.